ಬೆಂಗಳೂರಿನ ಸೆಕೆಗೆ ನಿಲ್ಲುವ ಕ್ರೀಮು

ರಾಜಾಜಿನಗರದ ಯಾವ ಅಯ್ಯಂಗಾರ್ ಬೇಕರಿಗೆ ಹೋದರೂ ಗಾಜಿನ ಪೆಟ್ಟಿಗೆಯೊಳಗೆ ಹನಿ ಕೇಕು ಕಾಣಿಸುತ್ತದೆ. ಪಾಕ ಕುಡಿದ ಎರಡು ಪದರ ಸ್ಪಂಜು, ನಡುವೆಯೂ ಮೇಲೂ ಕೆಂಪು ಜಾಮು, ಅದರ ಮೇಲೆ ಉದುರಿಸಿದ ಒಣ ಕೊಬ್ಬರಿ ತುರಿ. ಅದಕ್ಕೆ ಫ್ರಿಜ್ಜೂ ಬೇಡ, ಕ್ರೀಮೂ ಬೇಡ. ಮಧ್ಯಾಹ್ನದ ಬಿಸಿಲಲ್ಲಿ ಸ್ಕೂಟರಿಗೆ ನೇತುಹಾಕಿಕೊಂಡು ಬಸವೇಶ್ವರನಗರದ ತನಕ ತಂದರೂ ಅದು ಕೆಡುವುದಿಲ್ಲ. ಪಾಕದ ಸಕ್ಕರೆ ನೀರನ್ನು ಬಿಟ್ಟುಕೊಡದೆ ಹಿಡಿದಿಡುವುದರಿಂದ ಸ್ಪಂಜು ಒಣಗದು. ಜಾಮಿನಲ್ಲೂ ಸಕ್ಕರೆಯೇ ಹೆಚ್ಚಾದ್ದರಿಂದ ಅದು ಬೇಗ ಹುಳಿಯದು. ಕೊಬ್ಬರಿ ತುರಿ ಜಾಮಿನ ಅಂಟನ್ನು ಮುಚ್ಚುತ್ತದೆ, ನೋಡಲೂ ಚೆನ್ನ. ಪದರ ಕೇಕಿಗೆ ನಮ್ಮ ಊರು ತನ್ನ ಹವೆಯನ್ನು ನೋಡಿಕೊಂಡು ಕಂಡುಕೊಂಡ ಅಲಂಕಾರ ಅದು.

ಮನೆಯಲ್ಲಿ ಮಕ್ಕಳ ಹುಟ್ಟುಹಬ್ಬಕ್ಕೆ ತಾವೇ ಕೇಕು ಮಾಡಿ, ತಾವೇ ಕ್ರೀಮು ಹಚ್ಚಬೇಕೆಂದು ಹೊರಟವರಿಗೆ ನಾನು ಮೊದಲು ಹೇಳುವುದು ಈ ಹನಿ ಕೇಕಿನ ಮಾತನ್ನೇ. ಯಾಕೆಂದರೆ ಐಸಿಂಗ್ ಎಂದರೆ ಕೈಚಳಕ, ಹೂವು, ನಾಝಲ್ಲು ಎಂದುಕೊಂಡು ಜನ ಅದರ ಹಿಂದೆ ಬೀಳುತ್ತಾರೆ. ಅದು ಮೊದಲಿಗೆ ಉಷ್ಣತೆಯ ವಿಷಯ. ಬೆಣ್ಣೆ ಕರಗುವುದು ಹೆಚ್ಚುಕಡಿಮೆ 32ರಿಂದ 35 ಡಿಗ್ರಿ ಸೆಲ್ಸಿಯಸ್‌ಗೆ. ಅದಕ್ಕೆ ಬಹಳ ಮೊದಲೇ ಅದು ಆಕಾರ ಬಿಡಲು ಶುರುಮಾಡಿರುತ್ತದೆ. ಬೆಂಗಳೂರಿನ ಏಪ್ರಿಲ್ ಹಗಲು ಸರಾಸರಿ 34 ಡಿಗ್ರಿಯ ಆಸುಪಾಸು. 2016ರ ಏಪ್ರಿಲ್‌ನಲ್ಲಿ 39.2ಕ್ಕೆ ಏರಿತ್ತು. 'ಬೆಣ್ಣೆ ಕೋಣೆಯ ಉಷ್ಣತೆಗೆ ಬರಲಿ' ಎಂದು ಪರದೇಶದ ವಿಡಿಯೊದಲ್ಲಿ ಹೇಳುವವರ ಕೋಣೆ 20 ಡಿಗ್ರಿ ಇರುತ್ತದೆ. ವಿಜಯನಗರದ ಮೂರನೇ ಮಹಡಿಯಲ್ಲಿ, ತಾರಸಿಯ ಕೆಳಗಿನ ಅಡುಗೆಮನೆ ಬೇಸಿಗೆಯ ಸಂಜೆಯೂ 30 ದಾಟಿರುತ್ತದೆ. ಅದೇ ಅಳತೆ, ಅದೇ ಬೆಣ್ಣೆ, ಅದೇ ಸಕ್ಕರೆ. ಅವರದು ನಿಲ್ಲುತ್ತದೆ, ನಮ್ಮದು ಜಾರುತ್ತದೆ. ಜಾರಿದಾಗ ಎಷ್ಟೋ ಹೆಣ್ಣುಮಕ್ಕಳು 'ನನ್ನ ಕೈಗೆ ಬರಲ್ಲ' ಎಂದು ಬಿಟ್ಟುಬಿಡುತ್ತಾರೆ. ಅದು ನನಗೆ ತುಂಬಾ ಬೇಸರದ ಸಂಗತಿ. ಅಲ್ಲಿ ತಪ್ಪು ಕೈಯದಲ್ಲ.

ಕೈಯ ವಿಷಯಕ್ಕೆ ಬಂದರೆ ನಮ್ಮವರಿಗೆ ಯಾವ ಕೊರತೆಯೂ ಇಲ್ಲ. ಹಳೆ ಮೈಸೂರು ಸೀಮೆಯ ಮನೆಗಳಲ್ಲಿ ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವವರು ಈಗಲೂ ಇದ್ದಾರೆ. ಸಕ್ಕರೆ ಪಾಕಕ್ಕೆ ತುಸು ಹಾಲು ಹಾಕಿ, ಮೇಲೆ ಬಂದ ಕೊಳೆ ತೆಗೆದು, ಬಟ್ಟೆಯಲ್ಲಿ ಶೋಧಿಸಿ, ಮತ್ತೆ ಕಾಯಿಸಿ, ಪಾಕ ಮಬ್ಬಾಗುವ ತನಕ ತಿರುವಿ, ನೀರಿನಲ್ಲಿ ನೆನೆಸಿಟ್ಟ ಮರದ ಅಚ್ಚಿಗೆ ಹುಯ್ಯುತ್ತಾರೆ. ಒಂದು ಕ್ಷಣ ಮೊದಲಾದರೆ ಗಟ್ಟಿಯಾಗದು, ಒಂದು ಕ್ಷಣ ತಡವಾದರೆ ಬಾಣಲೆಯಲ್ಲೇ ಗಟ್ಟಿಯಾಗುತ್ತದೆ. ಆನೆ, ಗಿಳಿ, ತುಳಸಿಕಟ್ಟೆ ಬಿಳಿಯಾಗಿ, ಮೂಲೆ ಮುರಿಯದೆ ಹೊರಬರುವುದು ಆ ಹದ ಗೊತ್ತಿದ್ದವರ ಕೈಯಲ್ಲಿ ಮಾತ್ರ. ಸೀಮಂತಕ್ಕೆ, ಮದುವೆಗೆ ಕೊಬ್ಬರಿ ಗಿಟುಕಿನ ಮೇಲೆ ಹೂಬಳ್ಳಿ ಕೆತ್ತುವವರು ರಾಜಾಜಿನಗರ, ಮಲ್ಲೇಶ್ವರದ ಮನೆಗಳಲ್ಲಿ ಇದ್ದರು. ಇಂಥ ಕೈಗಳಿಗೆ ಕೇಕು ಕಷ್ಟವಲ್ಲ. ಹೊಸದಾಗಿರುವುದು ಕೊಬ್ಬಿನ ನಡವಳಿಕೆ. ಸಕ್ಕರೆ ಆರಿದಂತೆ ಗಟ್ಟಿಯಾಗಿ ಹಾಗೇ ನಿಲ್ಲುತ್ತದೆ. ಕೊಬ್ಬು ಮಾತ್ರ ಸೆಕೆ ಬಂದಾಗಲೆಲ್ಲ ಮತ್ತೆ ಮೆತ್ತಗಾಗುತ್ತದೆ.

ಬೆಂಗಳೂರಿಗೂ ಕೇಕಿಗೂ ಇರುವ ನಂಟು ಹಳೆಯದು. ಹಾಸನದ ಕಡೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿಗೆ ಬುನಾದಿ ಹಾಕಿದ್ದು 1898ರಲ್ಲಿ. ವಿಶ್ವೇಶ್ವರಪುರದ ವಿ.ಬಿ. ಬೇಕರಿ 1953ರದು. ಅವರ ಹಿಂದೆ ಹಾಸನ ಜಿಲ್ಲೆಯ ಎಷ್ಟೋ ಕುಟುಂಬಗಳು ಬಂದು ಬಡಾವಣೆಗೊಂದು ಒಲೆ ಹೂಡಿದವು. ಮೊಟ್ಟೆ ಮುಟ್ಟದ ಮನೆಗಳಿಗೂ ಕೇಕು ಸೇರಿತು. ಇನ್ನೊಂದು ದಾರಿ ದಂಡು ಪ್ರದೇಶದ್ದು. ಬ್ರಿಗೇಡ್ ರಸ್ತೆಯ ನೀಲಗಿರೀಸ್‌ನಿಂದ ಆರಂಭವಾದ ಡಿಸೆಂಬರ್ ಕೇಕ್ ಪ್ರದರ್ಶನ 2024ರಲ್ಲಿ 50ನೇ ವರ್ಷ ಮುಟ್ಟಿತು. ಅಲ್ಲಿ ಅರಮನೆ, ಚರ್ಚು, ಸಂಸತ್ ಭವನಗಳನ್ನು ಸಕ್ಕರೆಯಲ್ಲಿ ಕಟ್ಟಿ ನಿಲ್ಲಿಸುವವರು ಅಪಾರ ಪರಿಶ್ರಮದ ಕಲಾವಿದರು. ಆದರೆ ಅದು ನೋಡುವ ಸಕ್ಕರೆ. ಈ ಲೇಖನ ತಿನ್ನುವ ಕೇಕಿನದು.

ತಳಪಾಯದಿಂದ ಶುರುಮಾಡೋಣ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದೇ 97 ಡಿಗ್ರಿಯ ಸುಮಾರಿಗೆ. ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಹಿಟ್ಟಿನೊಳಗಿನ ಅನಿಲ ಬೇಗ ಹಿಗ್ಗುತ್ತದೆ. ಸಮುದ್ರತೀರದ ಊರುಗಳ ಅಳತೆಯಂತೆ ಬೇಕಿಂಗ್ ಪೌಡರ್ ತುಂಬಿಸಿ ಹಾಕಿದರೆ ಕೇಕು ನಡುವೆ ಗುಡ್ಡದಂತೆ ಏರಿ ಬಿರಿಯಬಹುದು, ಇಲ್ಲವೇ ಏರಿ ಕುಸಿಯಬಹುದು. ಒಂದು ಚಿಟಿಕೆ ಕಡಿಮೆ ಹಾಕಿದರೆ ನಷ್ಟವಿಲ್ಲ. ಮೊಟ್ಟೆ ಇಲ್ಲದ ಸ್ಪಂಜನ್ನು ಕಂಡೆನ್ಸ್‌ಡ್ ಮಿಲ್ಕಿನಲ್ಲೋ, ಮೊಸರು-ಸೋಡಾದಲ್ಲೋ ಮಾಡಿದಾಗ ರುಚಿ ಚೆನ್ನಾಗಿರುತ್ತದೆ, ಆದರೆ ಅದು ಬೇಗ ಪುಡಿಯಾಗುತ್ತದೆ. ಪುಡಿ ಕ್ರೀಮಿಗೆ ದೊಡ್ಡ ಶತ್ರು. ಹಾಗಾಗಿ ಸ್ಪಂಜನ್ನು ಹಿಂದಿನ ದಿನವೇ ಮಾಡಿ, ಪೂರ್ತಿ ಆರಿಸಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ. ತಣ್ಣಗಿರುವ ಸ್ಪಂಜು ಚಾಕುವಿಗೆ ನೇರವಾಗಿ ಸೀಳುತ್ತದೆ. ಬೆಚ್ಚಗಿರುವ ಸ್ಪಂಜಿನ ಮೇಲೆ ಯಾವ ಕ್ರೀಮೂ ನಿಲ್ಲುವುದಿಲ್ಲ, ಇದಕ್ಕೆ ಅಪವಾದವೇ ಇಲ್ಲ.

ಈಗ ಕ್ರೀಮು. ನಮ್ಮ ಮನೆಗಳಲ್ಲಿ ಬಳಕೆಗೆ ಬರುವಂಥವು ನಾಲ್ಕು, ಅವುಗಳ ಸ್ವಭಾವ ನಾಲ್ಕು ಬಗೆ.

ಮೊದಲನೆಯದು ಬೇಕರಿಯವರೆಲ್ಲ ಬಳಸುವ ನಾನ್-ಡೈರಿ ವಿಪ್ಪಿಂಗ್ ಕ್ರೀಮ್. ಇದರಲ್ಲಿ ಇರುವುದು ಹಾಲಿನ ಕೆನೆಯಲ್ಲ, ಸಸ್ಯಜನ್ಯ ಕೊಬ್ಬು. ಸಕ್ಕರೆಯನ್ನೂ ಸೇರಿಸಿಯೇ ಕೊಟ್ಟಿರುತ್ತಾರೆ. ಹೆಪ್ಪುಗಟ್ಟಿದ ಡಬ್ಬವನ್ನು ರಾತ್ರಿಯೇ ಫ್ರೀಜರಿನಿಂದ ಕೆಳಗಿನ ಅರೆಗೆ ಇಳಿಸಿಡಬೇಕು. ಅವಸರಕ್ಕೆ ಬಿಸಿನೀರಿನಲ್ಲಿಟ್ಟು ಕರಗಿಸಿದರೆ ಅದು ಏಳುವುದಿಲ್ಲ. ಪಾತ್ರೆ, ಬೀಟರಿನ ಕಡ್ಡಿಗಳು ಎರಡೂ ತಣ್ಣಗಿರಲಿ. ಪಾತ್ರೆಯ ಕೆಳಗೊಂದು ತಟ್ಟೆಯಲ್ಲಿ ಐಸ್ ನೀರು ಇದ್ದರೆ ಇನ್ನೂ ಒಳ್ಳೆಯದು. ನಿಧಾನದಿಂದ ಶುರುಮಾಡಿ ವೇಗ ಏರಿಸಿದರೆ ಕೆಲವೇ ನಿಮಿಷದಲ್ಲಿ ಅದು ಮೂರು ಪಟ್ಟಿಗೂ ಮೀರಿ ಉಬ್ಬುತ್ತದೆ. ಅರ್ಧ ಕೆಜಿ ಕೇಕಿಗೆ ಒಂದು ದೊಡ್ಡ ಲೋಟದಷ್ಟು ದ್ರವ ಸಾಕು. ಬೀಟರ್ ಎತ್ತಿದಾಗ ತುದಿ ತುಸು ಬಾಗಿದರೆ ಹಚ್ಚುವ ಹದ, ನೆಟ್ಟಗೆ ನಿಂತರೆ ಹೂ ಬಿಡುವ ಹದ. ಅದಕ್ಕೂ ಮುಂದೆ ಹೋದರೆ ರವೆರವೆಯಾಗಿ ಹೊಳಪು ಹೋಗುತ್ತದೆ. ಆಗ ಗಾಬರಿ ಬೇಡ, ಎತ್ತಿಟ್ಟ ದ್ರವ ಕ್ರೀಮಿನ ಎರಡು ಚಮಚ ಹಾಕಿ ಸ್ಪ್ಯಾಚುಲಾದಲ್ಲಿ ಮೆಲ್ಲಗೆ ಮಡಚಿ ಬೆರೆಸಿದರೆ ಬಹುಪಾಲು ಸರಿಹೋಗುತ್ತದೆ. ಕಡೆದು ಉಬ್ಬಿಸುವ ಕ್ರೀಮುಗಳಲ್ಲಿ ಸೆಕೆಗೆ ಹೆಚ್ಚು ಹೊತ್ತು ತಡೆಯುವುದು ಇದೇ. ರುಚಿಯಲ್ಲಿ ಹಾಲಿನ ಕೆನೆಗೆ ಸಮವಲ್ಲ, ಅಂಗುಳಕ್ಕೆ ಮೇಣದಂತೆ ಅಂಟುತ್ತದೆ. ಕೈಗಾರಿಕಾ ಕೊಬ್ಬಿನಲ್ಲಿ ಟ್ರಾನ್ಸ್ ಫ್ಯಾಟ್ ಶೇ 2ನ್ನು ಮೀರಬಾರದೆಂಬ ನಿಯಮ ದೇಶದಲ್ಲಿ 2022ರ ಜನವರಿಯಿಂದ ಇದೆ. ಆದ್ದರಿಂದ ಹೆಸರಿಲ್ಲದ ಡಬ್ಬ ಬಿಟ್ಟು ಲೇಬಲ್ ಸ್ಪಷ್ಟವಾಗಿರುವುದನ್ನೇ ಕೊಳ್ಳಿ.

ಎರಡನೆಯದು ನಿಜವಾದ ಹಾಲಿನ ಕ್ರೀಮು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಫ್ರೆಶ್ ಕ್ರೀಮಿನಲ್ಲಿ ಕೊಬ್ಬು ಶೇ 25ರಷ್ಟು. ಪಾಯಸಕ್ಕೆ, ಚಾಕೊಲೇಟ್ ಗನಾಶ್‌ಗೆ ಅದು ಚೆನ್ನಾಗಿ ಒದಗುತ್ತದೆ, ಎಷ್ಟು ಕಡೆದರೂ ಗೋಪುರವಾಗಿ ನಿಲ್ಲುವುದಿಲ್ಲ. ಶೇ 30ಕ್ಕೂ ಮಿಗಿಲಾದ ಕೊಬ್ಬಿರುವ ವಿಪ್ಪಿಂಗ್ ಕ್ರೀಮೇ ಬೇಕು, ಅದೂ ಚಳಿಗಾಲದಲ್ಲಿ, ಫ್ರಿಜ್ಜಿನಿಂದ ತೆಗೆದ ಕೂಡಲೇ ತಿನ್ನುವುದಾದರೆ. ಅದು ಬಿದ್ದುಹೋಗದಿರಲಿ ಎಂದು ಜೆಲಟಿನ್ ಬೆರೆಸಿ ಎಂದು ಹೇಳುವವರಿದ್ದಾರೆ. ಜೆಲಟಿನ್ ಪ್ರಾಣಿಜನ್ಯ. ಸಸ್ಯಾಹಾರಿ ಮನೆಯವರು ಚೈನಾ ಗ್ರಾಸ್ ಬಳಸಬಹುದು. ಫಾಂಡೆಂಟ್ ಕೊಳ್ಳುವಾಗಲೂ ಹಸಿರು ಚುಕ್ಕೆ ನೋಡಿಯೇ ಕೊಳ್ಳಿ, ಕೆಲವದರಲ್ಲಿ ಜೆಲಟಿನ್ ಇರುತ್ತದೆ.

ಮೂರನೆಯದು ಬೆಣ್ಣೆಯ ಕ್ರೀಮು. ಉಪ್ಪಿಲ್ಲದ ಬೆಣ್ಣೆ 250 ಗ್ರಾಂ, ಐಸಿಂಗ್ ಶುಗರ್ 500 ಗ್ರಾಂ ಎಂಬುದು ಎಲ್ಲ ಕಡೆ ಸಿಗುವ ಅಳತೆ. ನಮ್ಮ ನಾಲಗೆಗೆ ಅದು ವಿಪರೀತ ಸಿಹಿ, ಮಕ್ಕಳೇ ಕ್ರೀಮು ಬಿಟ್ಟು ಸ್ಪಂಜು ತಿಂದು ಏಳುತ್ತಾರೆ. ನನ್ನ ಆಯ್ಕೆ ಅಮೆರಿಕದಲ್ಲಿ ಹಿಂದೆ ರೆಡ್ ವೆಲ್ವೆಟ್ ಕೇಕಿಗೆ ಹಚ್ಚುತ್ತಿದ್ದ ಹಳೆಯ ಬಗೆ, ಹಿಟ್ಟು ಬೇಯಿಸಿ ಮಾಡುವುದು. ಒಂದು ಕಪ್ ಹಾಲು, 30 ಗ್ರಾಂ ಮೈದಾ, 200 ಗ್ರಾಂ ಸಕ್ಕರೆ ಸೇರಿಸಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವುತ್ತ ಗಟ್ಟಿ ಗಂಜಿಯ ಹದಕ್ಕೆ ತನ್ನಿ. ಹಸಿ ವಾಸನೆ ಹೋಗಲೇಬೇಕು. ಕೆನೆ ಕಟ್ಟದಂತೆ ಮೇಲೊಂದು ಪ್ಲಾಸ್ಟಿಕ್ ಹಾಳೆಯನ್ನು ಅಂಟಿಸಿಟ್ಟು ಪೂರ್ತಿ ಆರಿಸಿ. 225 ಗ್ರಾಂ ಬೆಣ್ಣೆಯನ್ನು ಬೇರೆಯಾಗಿ ಬಿಳುಪಾಗುವ ತನಕ ಕಡೆದು, ಈ ಗಂಜಿಯನ್ನು ಚಮಚ ಚಮಚವಾಗಿ ಸೇರಿಸುತ್ತ ಬನ್ನಿ. ಮೊಟ್ಟೆ ಇಲ್ಲ, ಸಿಹಿ ಹಿತ, ನಯ ಎಷ್ಟೆಂದರೆ ಹಾಲಿನ ಕ್ರೀಮೇ ಅನ್ನಿಸಬೇಕು. ಗಂಜಿ ಬೆಚ್ಚಗಿದ್ದರೆ ಮಾತ್ರ ಎಲ್ಲವೂ ನೀರಾಗುತ್ತದೆ. ಆಗ ಪಾತ್ರೆಯನ್ನು ಹತ್ತು ಹದಿನೈದು ನಿಮಿಷ ಫ್ರಿಜ್ಜಿನಲ್ಲಿಟ್ಟು ಮತ್ತೆ ಕಡೆದರೆ ಕೂಡಿಕೊಳ್ಳುತ್ತದೆ. ಇದಕ್ಕೆ ಎರಡು ಚಮಚ ಗಟ್ಟಿ ಫಿಲ್ಟರ್ ಡಿಕಾಕ್ಷನ್ ಸೇರಿಸಿ ನೋಡಿ. ಬೆಂಗಳೂರಿನ ಕೇಕು ಎಂದು ಹೆಮ್ಮೆಯಿಂದ ಹೇಳಿಕೊಳ್ಳಬಹುದಾದ ರುಚಿ ಅದು.

ನಾಲ್ಕನೆಯದು ಗನಾಶ್. ಬಿಸಿ ಕ್ರೀಮಿನಲ್ಲಿ ಚಾಕೊಲೇಟು ಕರಗಿಸುವುದು, ಅಷ್ಟೆ. ಸುರಿಯಲು ಸಮಸಮ, ಹಚ್ಚಲು ಒಂದು ಪಾಲು ಕ್ರೀಮಿಗೆ ಎರಡು ಪಾಲು ಚಾಕೊಲೇಟು. ಬೇಸಿಗೆಯಲ್ಲಿ ಕೇಕು ಹೊರಗೆ ಹೋಗುವುದಿದ್ದರೆ ಇದನ್ನೇ ನಂಬಿ.

ಕಟ್ಟುವ ಕೆಲಸದಲ್ಲಿ ನನ್ನ ಒತ್ತಾಯ ಒಂದೇ, ಮೊದಲ ತೆಳು ಲೇಪ. ಬೇಕಿಂಗಿನವರು ಇದಕ್ಕೆ ಕ್ರಂಬ್ ಕೋಟ್ ಎನ್ನುತ್ತಾರೆ. ತಣ್ಣನೆಯ ಸ್ಪಂಜಿನ ಗುಡ್ಡವನ್ನು ಬ್ರೆಡ್ ಚಾಕುವಿನಲ್ಲಿ ಸವರಿ ಮಟ್ಟ ಮಾಡಿ, ಮೂರು ಪದರವಾಗಿ ಸೀಳಿ. ಹಲಗೆಗೆ ಒಂದು ಚಮಚ ಕ್ರೀಮು ಬಳಿದು ಮೊದಲ ಪದರ ಕೂರಿಸಿ, ಅದು ಜಾರುವುದಿಲ್ಲ. ಒಂದಕ್ಕೆ ಎರಡು ನೀರು ಹಾಕಿ ಕರಗಿಸಿದ ಸಕ್ಕರೆ ನೀರನ್ನು ಚಿಮುಕಿಸಿ. ಮೊಟ್ಟೆ ಇಲ್ಲದ ಸ್ಪಂಜು ಫ್ರಿಜ್ಜಿನಲ್ಲಿ ಗಡುಸಾಗುವುದನ್ನು ಇದು ತಡೆಯುತ್ತದೆ, ಹೆಚ್ಚಾದರೆ ಕೇಕಿನ ಬುಡ ಕೆಸರಾಗುತ್ತದೆ. ಹಣ್ಣಿನ ತುಂಡು ಹಾಕುವುದಿದ್ದರೆ ಅಂಚಿನಲ್ಲಿ ಕ್ರೀಮಿನ ಒಂದು ಕಟ್ಟೆ ಎಳೆದು ಅದರೊಳಗೆ ಹಾಕಿ. ಹಸಿ ಅನಾನಸ್ ಮಾತ್ರ ಬೇಡ. ಅದರಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಮುರಿದು ಕ್ರೀಮನ್ನು ಕಹಿಯಾಗಿಸುತ್ತದೆ. ಸಕ್ಕರೆಯೊಂದಿಗೆ ಒಂದು ಕುದಿ ಬೇಯಿಸಿ ಆರಿಸಿದರೆ ಆ ಕಿಣ್ವ ಸಾಯುತ್ತದೆ. ಬೇಕರಿಯವರು ಡಬ್ಬಿಯ ಅನಾನಸ್ ಹಾಕಿದರೆ ಕಹಿಯಾಗದಿರುವುದಕ್ಕೂ ಇದೇ ಕಾರಣ.

ಪದರಗಳನ್ನು ಒಂದರ ಮೇಲೊಂದು ಇಟ್ಟಾದ ಮೇಲೆ ಒಂದು ಸಲ ದೂರ ನಿಂತು ನೋಡಿ. ವಾಲಿದ್ದರೆ ಈಗಲೇ ತಿದ್ದಬೇಕು. ಆಮೇಲೆ ಸ್ಪಂಜು ಅಲ್ಲಲ್ಲಿ ಕಾಣುವಷ್ಟು ತೆಳುವಾಗಿ ಕ್ರೀಮು ಬಳಿದು, ಪುಡಿಗಳನ್ನೆಲ್ಲ ಅದರೊಳಗೆ ಸೆರೆಹಿಡಿದು, ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಪುಡಿ ತಾಗಿದ ಕ್ರೀಮನ್ನು ಮತ್ತೆ ಬಟ್ಟಲಿಗೆ ಹಾಕಬೇಡಿ, ಅದಕ್ಕೊಂದು ಬೇರೆ ಬಟ್ಟಲು ಇರಲಿ. ಫ್ರಿಜ್ಜಿನಲ್ಲಿ ಹುಳಿ, ದೋಸೆ ಹಿಟ್ಟು, ಹೆಚ್ಚಿಟ್ಟ ಈರುಳ್ಳಿ ಎಲ್ಲ ಇರುತ್ತವೆ. ಕ್ರೀಮು ವಾಸನೆಯನ್ನು ಬೇಗ ಹೀರುತ್ತದೆ, ಕೇಕನ್ನು ಡಬ್ಬದಿಂದ ಮುಚ್ಚಿಯೇ ಇಡಿ. ಈ ಅರ್ಧ ಗಂಟೆಯನ್ನು ಉಳಿಸಲು ಹೋಗುವವರೇ ಹೆಚ್ಚು. ಅಂಥವರ ಬಿಳಿ ಕೇಕಿನ ಮೇಲೆ ಕಂದು ಚುಕ್ಕೆ ತಪ್ಪದು. ಕಾದವರಿಗೆ ಎರಡನೇ ಲೇಪ ಗೋಡೆಯ ಎರಡನೇ ಕೋಟಿನಂತೆ ತಾನಾಗಿ ನಯವಾಗುತ್ತದೆ. ಈ ಸಲ ಧಾರಾಳವಾಗಿ ಹಚ್ಚಿ, ಮೊದಲು ಮೇಲೆ, ನಂತರ ಬದಿಗೆ. ಸ್ಕ್ರೇಪರನ್ನು ಬದಿಗೆ ನೆಟ್ಟಗೆ ಹಿಡಿದು ಕೈ ಆಡಿಸದೆ ಹಲಗೆಯ ಕೆಳಗಿನ ಟರ್ನ್‌ಟೇಬಲ್ ತಿರುಗಿಸಿ. ಸ್ಕ್ರೇಪರ್ ಇಲ್ಲದಿದ್ದರೆ ಮಕ್ಕಳ ಪೆಟ್ಟಿಗೆಯ ಸ್ಟೀಲ್ ಸ್ಕೇಲನ್ನು ತೊಳೆದು ಒರೆಸಿಕೊಂಡರೆ ಅಷ್ಟೇ ಚೆನ್ನಾಗಿ ಕೆಲಸವಾಗುತ್ತದೆ. ಮೇಲಂಚಿನಲ್ಲಿ ಎದ್ದು ನಿಂತ ಕ್ರೀಮನ್ನು ಹೊರಗಿನಿಂದ ಒಳಗೆ ಸವರಿದರೆ ಮೂಲೆ ಚೂಪಾಗುತ್ತದೆ.

ಹೂವು, ಬಳ್ಳಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಒಂದು ನಕ್ಷತ್ರದ ನಾಝಲ್ ಇದ್ದರೆ ಮುಕ್ಕಾಲು ಅಲಂಕಾರ ಮುಗಿಯುತ್ತದೆ. ನಡುವಿನಿಂದ ಸುತ್ತಿದರೆ ಗುಲಾಬಿ, ಹೊರಗಿನಿಂದ ಒಳಕ್ಕೆ ಏರಿಸಿದರೆ ಶಂಖ, ಒತ್ತಿ ಎತ್ತಿದರೆ ಚುಕ್ಕೆ ಹೂವು. ಗಮನವಿರಬೇಕಾದದ್ದು ನಿಲ್ಲಿಸುವಾಗ. ಮೊದಲು ಒತ್ತುವುದನ್ನು ಬಿಟ್ಟು ಆಮೇಲೆ ಕೈ ಎತ್ತಬೇಕು. ಇಲ್ಲದಿದ್ದರೆ ತುದಿಯಲ್ಲಿ ಬಾಲ ಉಳಿಯುತ್ತದೆ. ಕ್ರೀಮು ಒತ್ತುವ ಬ್ಯಾಗನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಅಂಗೈ ಬಿಸಿಗೇ ಕ್ರೀಮು ಕರಗುತ್ತದೆ. ಮೇಲೆಲ್ಲ ತುಂಬಿಸುವ ಆಸೆಯನ್ನೂ ತಡೆದುಕೊಳ್ಳಿ. ಒಂದು ಬದಿಯಲ್ಲಿ ಮಾತ್ರ ಹೂಗಳ ಅರ್ಧಚಂದ್ರ ಬಿಟ್ಟು ಉಳಿದ ಜಾಗವನ್ನು ಖಾಲಿ ಬಿಟ್ಟ ಕೇಕು ನನ್ನ ಕಣ್ಣಿಗೆ ಹೆಚ್ಚು ಚೆಂದ.

ಬಣ್ಣದ ವಿಷಯವನ್ನು ಮಾತ್ರ ಬಿಡಿಸಿ ಹೇಳಲೇಬೇಕು. 2024ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಬೆಂಗಳೂರಿನ ಬೇಕರಿಗಳ 235 ಕೇಕ್ ಮಾದರಿಗಳನ್ನು ಪರೀಕ್ಷೆ ಮಾಡಿಸಿದಾಗ 12 ಮಾದರಿಗಳು ಕೃತಕ ಬಣ್ಣದ ಕಾರಣಕ್ಕೆ ಅಸುರಕ್ಷಿತವೆಂದು ಕಂಡುಬಂದವು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಹೆಸರೇ ಮುಂದೆ ಇದ್ದವು. ಅನುಮತಿಸಿದ ಬಣ್ಣಕ್ಕೂ ಮಿತಿ ಇದೆ, ಕಿಲೋಗೆ 100 ಮಿಲಿಗ್ರಾಂ. ಕಡುಗೆಂಪು, ಕಡುನೀಲಿ ಕ್ರೀಮು ಬರಿಸಲು ಎಷ್ಟು ಬಣ್ಣ ಸುರಿಯಬೇಕೆಂದು ಮಾಡಿದವರಿಗೆಲ್ಲ ಗೊತ್ತು. ಮನೆಯಲ್ಲಿ ನಮಗೆ ಆ ಒತ್ತಾಯವಿಲ್ಲ. ಒಣ ಬೀಟ್‌ರೂಟ್ ಪುಡಿ ತಿಳಿಗುಲಾಬಿ ಕೊಡುತ್ತದೆ, ಕಾಯಿಸಿ ಗಟ್ಟಿ ಮಾಡಿದ ಬಾದಾಮಿ ಮಾವಿನ ತಿರುಳು ಹಳದಿ ಕೊಡುತ್ತದೆ, ಶಂಖಪುಷ್ಪ ನೀಲಿ ಕೊಡುತ್ತದೆ. ನಿಂಬೆರಸ ತಾಗಿದರೆ ಅದೇ ನೇರಳೆ. ಬೆಣ್ಣೆ ಕ್ರೀಮಿನ ಬಣ್ಣ ಒಂದೆರಡು ಗಂಟೆಯಲ್ಲಿ ತಾನೇ ಗಾಢವಾಗುವುದರಿಂದ ಮೊದಲೇ ಬೆರೆಸಿಟ್ಟು ಕಾಯಿರಿ, ಮತ್ತೆ ಮತ್ತೆ ಹಾಕಬೇಡಿ.

ಹೂವಿನ ಅಲಂಕಾರ ಈಗ ಬಹಳ ಬಳಕೆಯಲ್ಲಿದೆ. ಮಾರುಕಟ್ಟೆಯ ಗುಲಾಬಿಗೆ ಕೀಟನಾಶಕ ಹೊಡೆದಿರುತ್ತಾರೆ, ಅದನ್ನು ಕ್ರೀಮಿಗೆ ಚುಚ್ಚುವುದು ಸರಿಯಲ್ಲ. ದೇವರ ಪೂಜೆಗೆಂದು ಅಂಗಳದಲ್ಲಿ ಬೆಳೆದ ಕಣಗಲೆ ನೋಡಲು ಸುಂದರ, ಆದರೆ ಗಿಡವಿಡೀ ವಿಷ. ಕೇಕಿನ ಹತ್ತಿರಕ್ಕೂ ತರಬೇಡಿ. ಔಷಧಿ ಹೊಡೆಯದ ಮನೆಯ ಗುಲಾಬಿ, ದಾಸವಾಳದ ಎಸಳು ಆದೀತು. ಕಿಡಿ ಕಾರುವ ಮೇಣದಬತ್ತಿಯನ್ನೂ ಬಿಟ್ಟುಬಿಡಿ. ಅದರ ಸುಟ್ಟ ಮದ್ದಿನ ಪುಡಿ ನೀವು ಅಷ್ಟು ಅಕ್ಕರೆಯಿಂದ ನಯ ಮಾಡಿದ ಕ್ರೀಮಿನ ಮೇಲೇ ಉದುರುತ್ತದೆ, ಮಕ್ಕಳು ಅದನ್ನೇ ಮೊದಲು ನೆಕ್ಕುತ್ತವೆ. ಹಳೆಯ ಬಣ್ಣದ ಸಣ್ಣ ಮೇಣದಬತ್ತಿಯೇ ಸಾಕು.

ಕೇಕನ್ನು ಸಾಗಿಸುವುದಿದ್ದರೆ ಆಳವಾಗಿ ತಣ್ಣಗಾದ ಮೇಲೆಯೇ ಹೊರಡಿ. ಕಾರಿನಲ್ಲಾದರೆ ಸೀಟಿನ ಮೇಲೆ ಬೇಡ, ಅದು ಇಳಿಜಾರು. ಕಾಲಿಡುವ ಸಮತಟ್ಟು ಜಾಗದಲ್ಲಿಡಿ. ವಿಜಯನಗರದಿಂದ ಕೆಂಗೇರಿ ಉಪನಗರದ ನೆಂಟರ ಮನೆಗೆ ಒಯ್ಯುವವರಿಗೆ 2021ರ ಆಗಸ್ಟ್‌ನಲ್ಲಿ ಕೆಂಗೇರಿ ಮುಟ್ಟಿದ ಮೆಟ್ರೊ ಮೈಸೂರು ರಸ್ತೆಯ ಬಿಸಿಲಿಗಿಂತ, ರೋಡ್ ಹಂಪಿಗಿಂತ ಎಷ್ಟೋ ಮೇಲು. ಒಳಗೆ ತಂಪು, ಕುಲುಕಾಟ ಕಡಿಮೆ, ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡರೆ ಸಾಕು.

ಚೆನ್ನಾಗಿ ಬಂತೆಂದರೆ ಅಕ್ಕಪಕ್ಕದವರು 'ನಮಗೂ ಒಂದು ಮಾಡ್ಕೊಡ್ತೀರಾ ಆಂಟಿ' ಎಂದು ಕೇಳಲು ಶುರುಮಾಡುತ್ತಾರೆ. ಪಶ್ಚಿಮ ಬೆಂಗಳೂರಿನ ಎಷ್ಟೋ ಮನೆಯ ಹೆಣ್ಣುಮಕ್ಕಳ ಸಂಪಾದನೆ ಹೀಗೇ ಮೊದಲಾದದ್ದು. ದುಡ್ಡಿಗೆ ಮಾಡಿಕೊಡುವುದಾದರೆ ಮನೆಯಿಂದಲೇ ಆದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಕಡ್ಡಾಯ, ಅರ್ಜಿ ಆನ್‌ಲೈನಿನಲ್ಲೇ ಆಗುತ್ತದೆ. ಕ್ರಮವಾಗಿ ಕಲಿಯಬೇಕೆನ್ನುವವರಿಗೆ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಘಟಕವಿದೆ. ಸಾರ್ವಜನಿಕರಿಗೂ ಅಲ್ಲಿ ತರಗತಿ ನಡೆಸುತ್ತಾರೆ.

ಕತ್ತರಿಸುವಾಗ ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಪ್ರತಿ ತುಂಡಿಗೂ ಹಾಗೆಯೇ ಮಾಡಿ, ಪದರ ಕಲಸಿಹೋಗುವುದಿಲ್ಲ. ಬೆಣ್ಣೆ ಕ್ರೀಮಿನ ಕೇಕನ್ನು ತಿನ್ನುವ ಇಪ್ಪತ್ತು ನಿಮಿಷ ಮೊದಲು ಫ್ರಿಜ್ಜಿನಿಂದ ಹೊರಗಿಡಿ, ವಿಪ್ಪಿಂಗ್ ಕ್ರೀಮಿನದನ್ನು ನೇರವಾಗಿ ಬಡಿಸಿ. ಹಸಿ ಹಣ್ಣು ಹಾಕಿದ್ದನ್ನು ಮರುದಿನಕ್ಕೆ ಮುಗಿಸಿ, ಹಣ್ಣಿಲ್ಲದ್ದು ಫ್ರಿಜ್ಜಿನಲ್ಲಿ ಮೂರು ದಿನ ಚೆನ್ನಾಗಿರುತ್ತದೆ.